ಅಟ್ಟದ ಮೇಲಿನ ಪುಸ್ತಕ ಓದುಗರ ಮನೆಗೆ ಹೋಗುವ ದಾರಿಗಳು: ಉತ್ತರ ಕನ್ನಡದ ಲೇಖಕರಿಗೊಂದು ಹೋಲಿಕೆ

ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ಹತ್ತು ರಟ್ಟಿನ ಪೆಟ್ಟಿಗೆ, ಒಂದೊಂದರಲ್ಲಿ ಐವತ್ತು ಪ್ರತಿ. ಅಡಿಕೆ ಚೀಲ ಇಡುವ ಅಟ್ಟದ ಮೇಲೆಯೇ ಅವಕ್ಕೂ ಜಾಗ ಮಾಡಿದೆವು. ಸಮಾರಂಭ ಮಾಡಿ, ಒಂದಿಷ್ಟು ಹಂಚಿ, ಉಳಿದದ್ದನ್ನು ನಿಧಾನ ಮಾರೋಣ ಎಂದುಕೊಳ್ಳುವಷ್ಟರಲ್ಲಿ ಮಳೆ ಹಿಡಿಯಿತು. ಶಿರಸಿ ಸೀಮೆಯ ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯನ್ನೇ ಕಾಪಾಡುವುದು ಕಷ್ಟ, ಇನ್ನು ಪುಸ್ತಕದ ಮಾತೇನು. ಚೌತಿ ಹೊತ್ತಿಗೆ ಪೆಟ್ಟಿಗೆ ಬಿಚ್ಚಿದರೆ ಗೋಡೆಗೆ ತಾಗಿದ ಸಾಲಿನ ಪುಸ್ತಕಗಳಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ನಮ್ಮ ಅತ್ತೆ ಒಂದು ಪ್ರತಿಯನ್ನು ಸೀರೆಯ ಸೆರಗಿನಿಂದ ಒರೆಸುತ್ತ, "ಮಾರಲೆ ಬತ್ತಿಲ್ಲೆ ಅಂದ್ರೆ ಅಚ್ಚು ಮಾಡ್ಸಿದ್ದು ಎಂತಕೆ?" ಎಂದರು. ಅವರ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ.

ಎರಡನೆಯ ಪುಸ್ತಕದ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಬಿಡುಗಡೆ, ಅಂಗಡಿ, ಅಂಚೆ, ವಾಟ್ಸಾಪ್, ಜಾತ್ರೆ, ಗ್ರಂಥಾಲಯ ಹೀಗೆ ಎಲ್ಲ ದಾರಿಯಲ್ಲೂ ಒಂದಷ್ಟು ದೂರ ನಡೆದು ನೋಡಿದ್ದೇನೆ. ಈ ದಾರಿಗಳನ್ನು ಎದುರುಬದುರು ಇಟ್ಟು ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಎರಡೇ. ದುಡ್ಡು ಯಾವಾಗ ಕೈಗೆ ಬರುತ್ತದೆ? ಕೊಂಡವರು ಯಾರೆಂದು ನನಗೆ ತಿಳಿಯುತ್ತದೆಯೇ? ಎರಡನೆಯದಕ್ಕೆ ಹೆಚ್ಚು ತೂಕ. ಯಾಕೆಂದರೆ ಒಂದು ಪುಸ್ತಕ ಬರೆದವರು ಸಾಮಾನ್ಯವಾಗಿ ಇನ್ನೊಂದು ಬರೆಯದೆ ಬಿಡುವುದಿಲ್ಲ.

ಒಂದು ಪ್ರತಿಯ ಲೆಕ್ಕ

ಹೋಲಿಸಲು ಒಂದು ಅಳತೆಗೋಲು ಬೇಕಲ್ಲ. 160 ಪುಟದ ಪುಸ್ತಕ, ಮುಖಬೆಲೆ 200 ರೂಪಾಯಿ, 500 ಪ್ರತಿ ಅಚ್ಚು ಹಾಕಿಸಿದ್ದೀರಿ, ಪ್ರತಿಯೊಂದಕ್ಕೆ 80 ರೂಪಾಯಿ ಬಿದ್ದಿದೆ ಎಂದು ಇಟ್ಟುಕೊಳ್ಳಿ. ಒಟ್ಟು ಹೂಡಿಕೆ 40,000. ನಿಮ್ಮ ಮುದ್ರಕರ ದರ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ, ಲೆಕ್ಕದ ದಾರಿ ಇದೇ.

ಅಚ್ಚಿಗೆ ಮೊದಲು ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆ ಪಡೆಯಿರಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿದ್ದರೂ ಅರ್ಜಿ ಹಾಕಬಹುದು. "ಐಎಸ್‌ಬಿಎನ್‌ಗೆ ಇಷ್ಟು" ಎಂದು ಬಿಲ್ಲಿನಲ್ಲಿ ಸಾಲೊಂದು ಕಂಡರೆ ಅದು ಅರ್ಜಿ ತುಂಬಿಕೊಟ್ಟ ಕೂಲಿ, ಸಂಖ್ಯೆಯ ಬೆಲೆಯಲ್ಲ. ಅಚ್ಚಾದ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಕೂಡ ಇಲ್ಲ. ಹಾಗಾಗಿ ಬಿಲ್ ಪುಸ್ತಕ ಎಂದರೆ ಹೆದರಬೇಕಾಗಿಲ್ಲ.

ಬಿಡುಗಡೆ ಸಮಾರಂಭವೋ, ಇಪ್ಪತ್ತೈದು ಜನರ ಓದೋ?

ನಮ್ಮ ಜಿಲ್ಲೆಯಲ್ಲಿ ಪುಸ್ತಕ ಬಂತೆಂದರೆ ಬಿಡುಗಡೆ ಆಗಲೇಬೇಕು. ಸಹಕಾರಿ ಸಂಘದ ಸಭಾಭವನ, ಧಾರವಾಡದಿಂದಲೋ ಬೆಂಗಳೂರಿನಿಂದಲೋ ಬರುವ ಅತಿಥಿ, ವೇದಿಕೆ ಮೇಲೆ ಒಂಬತ್ತು ಕುರ್ಚಿ, ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದು ಫೋಟೋ. ಲೇಖಕರ ಮಾತು ಬರುವ ಹೊತ್ತಿಗೆ ಕೊನೆಯ ಬಸ್ಸಿನ ಚಿಂತೆಯಲ್ಲಿ ಅರ್ಧ ಸಭೆ ಎದ್ದಿರುತ್ತದೆ. ಕುಳಿತವರಲ್ಲಿ ಮುಕ್ಕಾಲು ಪಾಲು ನೆಂಟರು. ಅವರು ಹೇಗಿದ್ದರೂ ಕೊಳ್ಳುವವರೇ, ಇಲ್ಲವೇ ಪುಕ್ಕಟೆ ಪ್ರತಿಗೆ ಕಾಯುವವರು.

ಲೆಕ್ಕ ಹಾಕೋಣ. ಸಭಾಭವನ, ಮೈಕು, ಬ್ಯಾನರು, ಆಮಂತ್ರಣ ಪತ್ರಿಕೆ, ಅತಿಥಿಗಳ ಕಾರು ಮತ್ತು ವಸತಿ, ಶಾಲು-ಹಾರ, ಬಂದವರಿಗೆ ಅವಲಕ್ಕಿ-ಕಷಾಯ ಎಲ್ಲ ಸೇರಿ ಇಪ್ಪತ್ತು ಸಾವಿರದಲ್ಲಿ ಮುಗಿದರೆ ಕೈ ಹಿಡಿತ ಇದೆ ಎಂದರ್ಥ. ಅಂದಿನ ರಿಯಾಯಿತಿ ಬೆಲೆ 150ರಲ್ಲಿ ಎಂಬತ್ತು ಪ್ರತಿ ಹೋದವು ಎಂದು ಹಿಡಿಯಿರಿ, ಅದು ಒಳ್ಳೆಯ ಮಾರಾಟವೇ. ಅಚ್ಚಿನ ಖರ್ಚು ಕಳೆದರೆ ಉಳಿಯುವುದು 5,600. ಕೈಯಿಂದ ಹೋದದ್ದು 14,400. ಅದನ್ನು ತುಂಬಿಕೊಳ್ಳಲು ಅಂಗಡಿಯ ಮೂಲಕ ಇನ್ನೂ 288 ಪ್ರತಿ ಮಾರಬೇಕು. ಆ ಲೆಕ್ಕ ಮುಂದೆ ಬರುತ್ತದೆ.

ಇದರ ಎದುರಿಗೆ ಸಣ್ಣ ಓದು. ಒಬ್ಬರ ಮನೆಯ ಜಗುಲಿ, ಇಪ್ಪತ್ತು ಇಪ್ಪತ್ತೈದು ಜನ, ಒಂದು ತಾಸು. ಅತಿಥಿ ಇಲ್ಲ, ಶಾಲು ಇಲ್ಲ. ಲೇಖಕರೇ ಹತ್ತು ಪುಟ ಓದುತ್ತಾರೆ, ಕೇಳುವವರು ಕೇಳುತ್ತಾರೆ, ಮನೆಯವರು ಚಾ ಕೊಡುತ್ತಾರೆ. ಹತ್ತು ಪ್ರತಿ ಹೋದರೂ ಮುಖಬೆಲೆಗೇ ಹೋಗುತ್ತವೆ, 1,200 ರೂಪಾಯಿ ಉಳಿಯುತ್ತದೆ. ನಾನು ಸಿದ್ದಾಪುರ, ಯಲ್ಲಾಪುರ, ಕುಮಟೆಯ ಕಡೆ ಹೀಗೆ ಏಳು ಕಡೆ ಓದಿದೆ. ಪ್ರತಿ ಮನೆಯಲ್ಲೂ ಒಬ್ಬರಾದರೂ, "ನಮ್ಮ ತವರಿನ ಕಡೆ ಬತ್ರ?" ಎಂದು ಕೇಳಿದರು. ಸಭಾಭವನದಲ್ಲಿ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಜಗುಲಿ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಫಲಕದ ಮೇಲೆ 'ಅರಿವು ಕೇಂದ್ರ' ಎಂದಿರುತ್ತದೆ. ಅಲ್ಲಿಯ ಮೇಲ್ವಿಚಾರಕರಿಗೆ ಊರಿನಲ್ಲಿ ಯಾರು ಓದುತ್ತಾರೆ, ಯಾರು ಪತ್ರಿಕೆಯ ಪದಬಂಧ ಮಾತ್ರ ತುಂಬಿಸಿ ಹೋಗುತ್ತಾರೆ ಎಂಬುದು ಅಂಗೈ ಗೆರೆಯಷ್ಟು ಪರಿಚಿತ. ಮಕ್ಕಳ ಪುಸ್ತಕವಾದರಂತೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಮಕ್ಕಳ ಮುಂದೆ ಪುಸ್ತಕದ ಬೆಲೆ ಹೇಳಬೇಡಿ. ಕಥೆ ಹೇಳಿ ಬನ್ನಿ, ಎರಡು ಪ್ರತಿ ಅಲ್ಲೇ ಬಿಟ್ಟು ಬನ್ನಿ.

ಹಾಗೆಂದು ಬಿಡುಗಡೆಯೇ ಬೇಡ ಎನ್ನುತ್ತಿಲ್ಲ. ಬೇರೆಯವರ ಕಾರ್ಯಕ್ರಮದ ಬೆನ್ನಿಗೆ ಅದನ್ನು ಕಟ್ಟಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ತಾಳಮದ್ದಲೆಗೆ, ಎಂದರೆ ವೇಷವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕೊರತೆಯಿಲ್ಲ. ಸಂಘಟಕರನ್ನು ಮೊದಲೇ ಕೇಳಿ, ಭಾಗವತರು ಶ್ರುತಿ ಹಿಡಿಯುವ ಮುಂಚೆ ಹದಿನೈದು ನಿಮಿಷ ಪಡೆದುಕೊಂಡರೆ ಮಾತು ಕೇಳುವ ಅಭ್ಯಾಸ ಇರುವ ಜನ ತಾವಾಗಿಯೇ ಕೂತಿರುತ್ತಾರೆ. ಹದಿನೈದು ಎಂದರೆ ಹದಿನೈದೇ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ಹೊತ್ತಾಯಿತೆಂದರೆ ನಿಮ್ಮ ಪುಸ್ತಕದ ಹೆಸರು ಆ ರಾತ್ರಿ ಬೇರೆ ಕಾರಣಕ್ಕೆ ನೆನಪಿನಲ್ಲಿ ಉಳಿಯುತ್ತದೆ.

ಅಂಗಡಿ, ವಿತರಕ, ಅಂಚೆ

ಪುಸ್ತಕದಂಗಡಿಗಳು ಸಾಮಾನ್ಯವಾಗಿ ಮುಖಬೆಲೆಯ ಶೇ. 30ರಿಂದ 40 ಕೇಳುತ್ತವೆ. ಶೇ. 35 ಎಂದು ಹಿಡಿದರೆ ನಿಮಗೆ ಬರುವುದು 130, ಅಚ್ಚಿನ ಖರ್ಚು ಕಳೆದರೆ 50. ಊರೂರಿಗೆ ತಲುಪಿಸುವ ವಿತರಕರಾದರೆ ಶೇ. 50ರ ತನಕವೂ ಹೋಗುತ್ತದೆ. ಆಗ ಪ್ರತಿಗೆ ಉಳಿಯುವುದು 20. ನೀವೇ ಓದುಗರಿಗೆ ಅಂಚೆಯಲ್ಲಿ ಕಳಿಸಿ, ಅಂಚೆ ಮತ್ತು ಕಟ್ಟುವ ಖರ್ಚು ಮೂವತ್ತು ರೂಪಾಯಿಯನ್ನು ನೀವೇ ಹೊತ್ತರೂ 90 ಉಳಿಯುತ್ತದೆ.

ಅಂಕಿ ನೋಡಿದರೆ ಅಂಚೆಯೇ ಗೆಲ್ಲುತ್ತದೆ. ಆದರೆ ಅಂಗಡಿಗೆ ಒಂದು ಗುಣವಿದೆ. ಅಪರಿಚಿತರು ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟ ತಿರುವುವ ಜಾಗ ಅದೊಂದೇ. ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಯ ಕಪಾಟಿನಲ್ಲಿ ಹತ್ತು ಹತ್ತು ಪ್ರತಿ ಇರಲಿ, ಬೇಡವೆನ್ನುವುದಿಲ್ಲ. ನೂರು ಪ್ರತಿ ಒಟ್ಟಿಗೆ ಯಾರಿಗೂ ಕೊಡಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಘಟ್ಟದಾಚೆಯ ವಿತರಕರೊಬ್ಬರಿಗೆ ನೂರಿಪ್ಪತ್ತು ಪ್ರತಿ ಕೊಟ್ಟೆ. ಬರವಣಿಗೆಯಲ್ಲಿ ಏನೂ ಮಾಡಿಕೊಳ್ಳಲಿಲ್ಲ. ವರ್ಷದ ಮೇಲೆ ಫೋನು ಮಾಡಿದರೆ, "ಮೇಡಂ, ಲೆಕ್ಕ ನೋಡಿ ಹೇಳ್ತೀನಿ." ಮರುವರ್ಷವೂ ಅದೇ ಮಾತು. ಮೂರನೆಯ ವರ್ಷ ಫೋನು ನಂಬರೇ ಬದಲಾಗಿತ್ತು. ಪುಸ್ತಕ ಮಾರಿ ಹೋದವೋ, ಅವರ ಗೋದಾಮಿನಲ್ಲೂ ಬೂಷ್ಟು ಹಿಡಿದವೋ. ಈಗ ಯಾರಿಗೆ ಕೊಟ್ಟರೂ ಪ್ರತಿಗಳ ಸಂಖ್ಯೆ, ಕಮಿಷನ್, ಮೂರು ತಿಂಗಳಿಗೊಮ್ಮೆ ಲೆಕ್ಕ, ಮಾರದ್ದನ್ನು ಯಾರ ಖರ್ಚಿನಲ್ಲಿ ಮರಳಿಸುವುದು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಹಿ ತೆಗೆದುಕೊಳ್ಳುತ್ತೇನೆ. ಸಂಕೋಚವಾಗುತ್ತದೆ, ನಿಜ. ಅಡಿಕೆಯನ್ನು ಚೀಟಿ ಇಲ್ಲದೆ ಹಾಕುತ್ತೇವೆಯೇ?

ಅಂಚೆಯ ವಿಷಯದಲ್ಲಿ ಈಚೆಗೆ ಬಹಳ ಬದಲಾಗಿದೆ, ಹಳೆಯ ಲೇಖಕರ ಸಲಹೆ ಇಲ್ಲಿ ನಡೆಯುವುದಿಲ್ಲ. ಕಡಿಮೆ ದರದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬುದೇ ಸ್ಪೀಡ್ ಪೋಸ್ಟ್ ಒಳಗೆ ಸೇರಿಹೋಯಿತು. ನಡುವೆ 2025ರ ಮೇ 1ರಂದು ಪುಸ್ತಕಗಳಿಗೆಂದೇ 'ಜ್ಞಾನ ಪೋಸ್ಟ್' ಬಂತು. 300 ಗ್ರಾಮಿನ ತನಕ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಕಟ್ಟು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು. ನೆಲದ ಮೇಲೆ ಹೋಗುವ ಕಾರಣ ನಿಧಾನ, ಆದರೆ ಪುಸ್ತಕವೇನು ಮೀನಲ್ಲವಲ್ಲ. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮಕ್ಕೆ ಸಂಬಂಧಪಟ್ಟ ಪುಸ್ತಕಗಳಿಗೆ ಈ ಸೇವೆ. ನಿಯತಕಾಲಿಕೆ, ಜಾಹೀರಾತು ತುಂಬಿದ್ದು ನಡೆಯುವುದಿಲ್ಲ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ಮೊದಲ ಸಲ ಹೋಗುವಾಗ ಕಟ್ಟನ್ನು ಅಂಟಿಸದೆ ತೆಗೆದುಕೊಂಡು ಹೋಗಿ, ಕೌಂಟರಿನಲ್ಲಿ ಪುಸ್ತಕ ತೋರಿಸಿ ಕೇಳಿ. ಇಪ್ಪತ್ತು ಕಟ್ಟು ಮನೆಯಲ್ಲೇ ಅಂಟಿಸಿಕೊಂಡು ಹೋಗಿ ಎಲ್ಲವನ್ನೂ ಬಿಚ್ಚಿದವಳ ಮಾತು ಇದು.

300 ಗ್ರಾಮಿನ ಗೆರೆಯನ್ನು ಅಚ್ಚಿಗೆ ಹಾಕುವ ಮೊದಲೇ ನೆನಪಿಡಿ. ದಪ್ಪ ಕಾಗದ ಚೆಂದ ಕಾಣುತ್ತದೆ, ಆದರೆ ಕಟ್ಟು 310 ಗ್ರಾಂ ತೂಗಿದರೆ ಪ್ರತಿ ಪ್ರತಿಗೂ ಮೇಲಿನ ದರ. ಮುದ್ರಕರಿಂದ ಖಾಲಿ ಹಾಳೆಯ ನಮೂನೆ ಪ್ರತಿಯೊಂದನ್ನು ಕಟ್ಟಿಸಿಕೊಂಡು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ.

ಅಂಚೆಯ ದಾರಿಯ ಇನ್ನೊಂದು ಲಾಭವೇ ನನಗೆ ದೊಡ್ಡದು. ಕಟ್ಟಿನ ಮೇಲೆ ಬರೆಯಲು ಓದುಗರ ಹೆಸರು, ಊರು, ಫೋನು ಬೇಕೇ ಬೇಕು. ಅದನ್ನು ನಾನು ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಎರಡನೆಯ ಪುಸ್ತಕ ಅಚ್ಚಿಗೆ ಹೋಗುವ ತಿಂಗಳ ಮುಂಚೆ ಆ ನೋಟುಬುಕ್ಕು ಹಿಡಿದು ಕುಳಿತು ಒಬ್ಬೊಬ್ಬರಿಗೇ ಬರೆದೆ: ಈಗ ಹಣ ಕಳಿಸಿದರೆ 150, ಅಚ್ಚಾದ ಮೇಲೆ 200. ಇದು ಹೊಸ ಉಪಾಯವೇನಲ್ಲ, ಪ್ರಕಟಣಪೂರ್ವ ಬೆಲೆ ಎಂದು ನಮ್ಮ ಅಜ್ಜಂದಿರ ಕಾಲದಿಂದ ಇದೆ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆಯೇ ನಿಂತಿತು. ಅದಕ್ಕೂ ಮುಂಚೆ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆ ಕನ್ನಡದಲ್ಲಿ ಯಾರಿಗೆ ಗೊತ್ತಿಲ್ಲ? ಹೊರುವ ಕೆಲಸವನ್ನು ಈಗ ಅಂಚೆಯಣ್ಣ ಮಾಡುತ್ತಾನೆ, ಅಷ್ಟೇ ವ್ಯತ್ಯಾಸ. ನನಗೆ ಮುಂಗಡವಾಗಿ ಬಂದ ಹಣ ಮುದ್ರಕರಿಗೆ ಕೊಡಬೇಕಾದ ಮೊದಲ ಕಂತಿಗೆ ಸಾಕಾಯಿತು.

ವಾಟ್ಸಾಪ್, ಫೇಸ್‌ಬುಕ್, ರೀಲ್

ವಾಟ್ಸಾಪ್ ಗುಂಪಿಗೆ 1,024 ಜನರ ತನಕ ಸೇರಿಸಬಹುದು. ಅಷ್ಟು ಜನರ ನಡುವೆ ಪುಸ್ತಕದ ಮುಖಪುಟ ಹಾಕಿದರೆ ನಲವತ್ತು ಹೆಬ್ಬೆರಳು, ಹದಿನೈದು ಹೂಗುಚ್ಛ, ಆಮೇಲೆ ಯಾರದೋ ಕಳೆದ ದನದ ಫೋಟೋ. ಕೊಂಡವರು ಇಬ್ಬರು. ಬ್ರಾಡ್‌ಕಾಸ್ಟ್ ಪಟ್ಟಿ ಬೇರೆ ಜಾತಿ. ಅದರಲ್ಲಿ 256 ಜನ. ಸಂದೇಶ ಒಬ್ಬೊಬ್ಬರಿಗೂ ತನಗೇ ಬಂದಂತೆ ಬರುತ್ತದೆ, ಉತ್ತರವೂ ನಿಮಗೊಬ್ಬರಿಗೇ. ಒಂದೇ ತೊಡಕು, ಅವರ ಫೋನಿನಲ್ಲಿ ನಿಮ್ಮ ನಂಬರು ಉಳಿಸಿಕೊಂಡಿರಬೇಕು, ಇಲ್ಲದಿದ್ದರೆ ತಲುಪುವುದಿಲ್ಲ. ಅದಕ್ಕೇ ಪುಸ್ತಕ ಕಳಿಸುವಾಗ ಒಳಗೆ ಸಣ್ಣ ಚೀಟಿ ಇಡುತ್ತೇನೆ: ಓದಿ ಹೇಗನಿಸಿತು ತಿಳಿಸಿ, ನನ್ನ ನಂಬರು ಇದು. ಓದಿದ ಮೇಲೆ ಸಂದೇಶ ಕಳಿಸಿದವರು ನಂಬರು ಉಳಿಸಿಕೊಂಡೇ ಕಳಿಸುತ್ತಾರೆ. ಚೀಟಿಯ ಹಿಂದೆ ಯುಪಿಐ ಕ್ಯೂಆರ್. ಇನ್ನೊಂದು ಪ್ರತಿ ಅಕ್ಕನಿಗೆ ಬೇಕು ಎಂದವರು ಅಲ್ಲಿಂದಲೇ ಹಣ ಹಾಕುತ್ತಾರೆ.

ಫೇಸ್‌ಬುಕ್ಕಿನಲ್ಲಿ ವೈಯಕ್ತಿಕ ಖಾತೆಗೆ 5,000 ಸ್ನೇಹಿತರು ಎಂಬ ಮಿತಿ ಇದೆ, ಪುಟಕ್ಕೆ ಇಲ್ಲ. ಹಾಗೆಂದು ಪುಟ ಮಾಡಿ ಕೂತರೆ ಖಾಲಿ ಬಯಲಿನಲ್ಲಿ ಕೂಗಿದಂತೆ, ದುಡ್ಡು ಕೊಟ್ಟು ಬೂಸ್ಟ್ ಮಾಡದೆ ಹೆಚ್ಚು ಜನಕ್ಕೆ ಕಾಣುವುದೇ ಇಲ್ಲ. ಬೂಸ್ಟ್ ಮಾಡುವವರಿಗೆ ಒಂದು ಮಾತು. ಊರು ಆರಿಸುವಾಗ ಶಿರಸಿ, ಕಾರವಾರ ಮಾತ್ರ ಹಾಕಬೇಡಿ. ಘಟ್ಟದ ಮೇಲಿನ ಯಾವ ಮನೆಗೆ ಹೋದರೂ ಹಿರಿಯರಿಬ್ಬರು ಇಲ್ಲಿ, ಮಕ್ಕಳು ಬೆಂಗಳೂರಿನಲ್ಲಿ. ಕರಾವಳಿಯವರ ನಂಟು ಮುಂಬೈಗೂ ಹಳೆಯದು. 1862ರಿಂದ ರಾಜ್ಯ ಪುನರ್ವಿಂಗಡಣೆಯ ತನಕ ಈ ಜಿಲ್ಲೆ ಮುಂಬೈ ಆಡಳಿತದಲ್ಲೇ ಇತ್ತು. ಅಂಕೋಲೆ, ಗೋಕರ್ಣ, ಹನೇಹಳ್ಳಿಯ ಮಣ್ಣನ್ನು ನೆನೆಸಿಕೊಂಡು ಓದುವವರು ಮುಂಬೈಯ ಮಾಟುಂಗಾದಲ್ಲೂ ಸಿಗುತ್ತಾರೆ. ಊರಿನ ಪುಸ್ತಕ ಊರಿಗಿಂತ ಊರು ಬಿಟ್ಟವರಿಗೆ ಹೆಚ್ಚು ಬೇಕಾಗುತ್ತದೆ. ನನ್ನ ನೋಟುಬುಕ್ಕಿನ ವಿಳಾಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನವೇ.

ರೀಲ್ ವಿಷಯ ಚಿಕ್ಕದು. ನಿಮಗೆ ಬರುತ್ತದಾದರೆ ಮಾಡಿ. ನನಗೆ ಬರುವುದಿಲ್ಲ. ಅಣ್ಣನ ಮಗಳು ತೋಟದ ಅಬ್ಬಿಯ ಹತ್ತಿರ ನಿಲ್ಲಿಸಿ ಮೂರು ರೀಲ್ ತೆಗೆದಳು. ನೋಡಿದವರೆಲ್ಲ ಅಬ್ಬಿ ಎಲ್ಲಿಯದು ಎಂದು ಕೇಳಿದರು.

ಇವೆಲ್ಲಕ್ಕಿಂತ ಹಳೆಯ, ಈಗಲೂ ಕೆಲಸ ಮಾಡುವ ದಾರಿ ಇನ್ನೊಂದಿದೆ: ಪುಸ್ತಕಕ್ಕೆ ಮುಂಚೆಯೇ ವಾರವಾರ ಬರೆಯುವುದು. ದಿನಕರ ದೇಸಾಯರು ತಮ್ಮ 'ಜನಸೇವಕ' ವಾರಪತ್ರಿಕೆಯ ಮೂಲಕ ಓದುಗರ ಜೊತೆ ಮಾತಾಡುತ್ತಲೇ ಇದ್ದರು. ನಾಲ್ಕು ಸಾಲಿನ ಚುಟುಕ ಈ ಜಿಲ್ಲೆಯ ಬಾಯಲ್ಲಿ ನಿಂತದ್ದು ಸಮಾರಂಭದಿಂದಲ್ಲ. ಇಂದು ಸ್ಥಳೀಯ ದಿನಪತ್ರಿಕೆಯ ಅಂಕಣವೋ, ಫೇಸ್‌ಬುಕ್ಕಿನ ಶನಿವಾರದ ಬರಹವೋ ಅದೇ ಕೆಲಸ ಮಾಡುತ್ತದೆ. ಐವತ್ತು ವಾರ ಓದಿದವರಿಗೆ ಪುಸ್ತಕ ಕೊಳ್ಳಿ ಎಂದು ಹೇಳುವುದೇ ಬೇಕಾಗುವುದಿಲ್ಲ. ಪುಸ್ತಕ ಬಂದ ಮೇಲೆ ಬರೆಯಲು ಶುರು ಮಾಡಿದರೆ ಅದು ಜಾಹೀರಾತಿನಂತೆಯೇ ಕಾಣುತ್ತದೆ.

ವಿಮರ್ಶೆಗೆ ಕಳಿಸುವ ಪ್ರತಿ

ರಾಜ್ಯಮಟ್ಟದ ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸುವುದು ರೂಢಿ. ಹೆಚ್ಚಿನ ಪುಸ್ತಕಗಳು 'ಸಾದರ ಸ್ವೀಕಾರ'ದ ಎರಡು ಸಾಲಿನಲ್ಲಿ ಮುಗಿಯುತ್ತವೆ. ವಿಮರ್ಶೆ ಬಂದರೂ ಆರು ತಿಂಗಳ ಮೇಲೆ ಬರಬಹುದು. ಅಷ್ಟರಲ್ಲಿ ಓದುಗರಿಗೆ ಪುಸ್ತಕ ಸಿಗುವ ಜಾಗವೇ ಇರದಿದ್ದರೆ ಬಂದ ವಿಮರ್ಶೆ ಚೌಕಟ್ಟು ಹಾಕಿಸಲು ಮಾತ್ರ ಉಪಯೋಗ. ಶಿರಸಿಯ 'ಲೋಕಧ್ವನಿ', ಕಾರವಾರದ 'ಕರಾವಳಿ ಮುಂಜಾವು' ಇಂಥ ನಮ್ಮ ಪತ್ರಿಕೆಗಳು ಮನೆಮನೆಯಲ್ಲಿ ಕೊನೆಯ ಪುಟದ ತನಕ ಓದಿಸಿಕೊಳ್ಳುತ್ತವೆ. ಅಲ್ಲಿ ಬರುವ ಸಣ್ಣ ಪರಿಚಯದ ಕೆಳಗೆ ಫೋನು ನಂಬರು ಹಾಕಿಸಿ. ದೊಡ್ಡ ಪತ್ರಿಕೆಯ ದೊಡ್ಡ ವಿಮರ್ಶೆಗಿಂತ ನನಗೆ ಹೆಚ್ಚು ಕರೆ ತಂದದ್ದು ಇಂಥದೊಂದು ನೂರು ಪದದ ಸುದ್ದಿ. ಕರೆ ಮಾಡಿದವರಲ್ಲಿ ಒಬ್ಬರು ಪುಸ್ತಕದ ಜೊತೆ ಕಾಳುಮೆಣಸಿನ ಬಳ್ಳಿ ಸಿಗುತ್ತದೆಯೇ ಎಂದೂ ವಿಚಾರಿಸಿದರು. ಕಾರವಾರ ಆಕಾಶವಾಣಿಗೂ ಒಂದು ಪತ್ರ ಹಾಕಿ. ಅಡುಗೆಮನೆಯಲ್ಲಿ, ತೋಟದಲ್ಲಿ ರೇಡಿಯೋ ಕೇಳುವವರು ಇನ್ನೂ ಇದ್ದಾರೆ.

ಪುಕ್ಕಟೆ ಪ್ರತಿಗಳಿಗೆ ಮೊದಲೇ ಒಂದು ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ನನ್ನದು ನಲವತ್ತು. 'ಗೌರವ ಪ್ರತಿ' ಎಂದು ಸಹಿ ಹಾಕಿ ಕೊಟ್ಟದ್ದು ಮದುವೆ ಮನೆಯ ಹಳೇ ಪೇಪರಿನ ಕಟ್ಟಿನಲ್ಲಿ ಮತ್ತೆ ನನಗೇ ಸಿಕ್ಕಿದ್ದುಂಟು.

ಜಾತ್ರೆ, ಉತ್ಸವ, ಸಮ್ಮೇಳನ

ಜನ ಸೇರುವಲ್ಲಿ ಪುಸ್ತಕ ಮಾರಬೇಕು ಎಂದು ಎಲ್ಲರೂ ಹೇಳುತ್ತಾರೆ. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಸೇರುವಷ್ಟು ಜನ ನಮ್ಮ ಕಡೆ ಇನ್ನೆಲ್ಲಿ ಸೇರುತ್ತಾರೆ? ಆದರೆ ಬಿಡಕಿಬಯಲಿಗೆ ಬಂದವರ ಮನಸ್ಸು ದೇವಿಯ ಮೇಲೆ, ಮಕ್ಕಳ ಕಣ್ಣು ತೊಟ್ಟಿಲ ಮೇಲೆ, ಕೈಯಲ್ಲಿ ಬಳೆ-ಬತ್ತಾಸಿನ ಚೀಲ. ಮಳಿಗೆಯ ಬಾಡಿಗೆ ಬಳೆ ವ್ಯಾಪಾರಕ್ಕೆ ಹೊಂದುತ್ತದೆ, ಕವನ ಸಂಕಲನಕ್ಕೆ ಹೊಂದುವುದಿಲ್ಲ. ಮೇಲಾಗಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ಜಾತ್ರೆ ತಪ್ಪಿದರೆ ಮುಂದಿನದರ ತನಕ ಕಾಯಬೇಕು. ಅಲ್ಲಿ ಹೋಗುವುದು ನೂರು ರೂಪಾಯಿಯ ಒಳಗಿನ ದೇವರ ಹಾಡು, ತಂಬುಳಿ-ಅಪ್ಪೆಹುಳಿಯ ಅಡುಗೆ ಪುಸ್ತಕ, ಮಕ್ಕಳ ಚಿತ್ರದ ಕಥೆ. ನಿಮ್ಮದು ಅಂಥದಾದರೆ ಇನ್ನೂ ಇಬ್ಬರು ಲೇಖಕರ ಜೊತೆ ಸೇರಿ ಅರ್ಧ ಮಳಿಗೆ ಹಿಡಿಯಿರಿ.

ಬನವಾಸಿಯ ಕದಂಬೋತ್ಸವ ಬೇರೆ. ಪಂಪ ಪ್ರಶಸ್ತಿ ಕೊಡುವ ವೇದಿಕೆಯ ಸುತ್ತ ಬರುವವರಲ್ಲಿ ಪುಸ್ತಕ ಮುಟ್ಟಿ ನೋಡುವವರು ಹೆಚ್ಚು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕೊಳ್ಳುವವರ ದೊಡ್ಡ ಸಂತೆಯೇ ಸರಿ, ಆದರೆ ಅದು ನಮ್ಮ ಜಿಲ್ಲೆಗೆ ಕೊನೆಯ ಸಲ ಬಂದದ್ದು ಶಿರಸಿಗೆ, 1982ರಲ್ಲಿ. ಹಾವೇರಿಗೆ 2023ರಲ್ಲಿ ಬಂದಾಗ ನಮಗೆ ಹತ್ತಿರವಾಗಿತ್ತು. 2024ರಲ್ಲಿ ಮಂಡ್ಯಕ್ಕೆ ಹೋಗಿ ಮೂರು ದಿನ ಉಳಿದು ಬರುವ ಖರ್ಚನ್ನು ಒಂದೇ ಪುಸ್ತಕದಿಂದ ಎಬ್ಬಿಸಲಾಗುವುದಿಲ್ಲ. ಒಂದೇ ಪುಸ್ತಕ ಇದ್ದವರು ಮಳಿಗೆ ಹಿಡಿಯದೆ, ಪರಿಚಯದ ಪ್ರಕಾಶಕರ ಮಳಿಗೆಯಲ್ಲಿ ಕಮಿಷನ್ ಮೇಲೆ ಮೂವತ್ತು ಪ್ರತಿ ಇಡುವುದು ವಾಸಿ. ತಾಲೂಕು ಸಮ್ಮೇಳನಗಳಲ್ಲಿ ಮೇಜು ಸುಲಭವಾಗಿ ಸಿಗುತ್ತದೆ; ಮಾರಾಟ ಕಮ್ಮಿ, ಆದರೆ ನೋಟುಬುಕ್ಕಿಗೆ ಹೆಸರು ಸಿಗುತ್ತವೆ.

ಜಾತ್ರೆಗಿಂತ ಒಳ್ಳೆಯ ಗುಂಪು ಮಾರಾಟ ನನಗೆ ಕಂಡದ್ದು ಮದುವೆ-ಉಪನಯನಗಳಲ್ಲಿ. ತಾಂಬೂಲದ ಜೊತೆ ಸ್ಟೀಲ್ ಬಟ್ಟಲು ಕೊಟ್ಟು ಬೇಸತ್ತವರು ಪುಸ್ತಕ ಕೊಡುವ ರೂಢಿ ಅಲ್ಲಲ್ಲಿ ಬಂದಿದೆ. ಒಬ್ಬರು ತಂದೆಯ ವರ್ಷಾಂತಿಕಕ್ಕೆ ನೂರು ಪ್ರತಿ ಒಯ್ದರು. ಬೆಲೆ 120ಕ್ಕೆ ಇಳಿಸಿ, ಮೊದಲ ಪುಟಕ್ಕೆ ಅವರ ತಂದೆಯ ಹೆಸರಿನ ಚೀಟಿ ಅಂಟಿಸಿಕೊಟ್ಟೆ. ಪ್ರತಿಗೆ 40 ಉಳಿಯಿತು, ಹಣ ಅಂದೇ ಬಂತು. ಕೊರತೆ ಒಂದೇ, ಆ ನೂರು ಮನೆಗಳಲ್ಲಿ ಯಾರು ಓದಿದರು ಎಂಬುದು ನನಗೆ ತಿಳಿಯುವುದಿಲ್ಲ. ಚೀಟಿಯಲ್ಲಿ ನನ್ನ ನಂಬರನ್ನೂ ಹಾಕಿದ್ದೆ. ಆರು ಜನ ಕರೆ ಮಾಡಿದರು.

ಗ್ರಂಥಾಲಯ ಖರೀದಿ ಮತ್ತು ಇ-ಪುಸ್ತಕ

ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯಾ ವರ್ಷದ ಪುಸ್ತಕಗಳಿಗೆ ಸಗಟು ಖರೀದಿಯ ಅರ್ಜಿ ಕರೆಯುತ್ತದೆ. ಆಯ್ಕೆಯಾದರೆ 300 ಪ್ರತಿ ಒಟ್ಟಿಗೆ ಹೋಗುತ್ತವೆ. ಬೆಲೆ ನಿಮ್ಮ ಮುಖಬೆಲೆಯಲ್ಲ, ಪುಟದ ಲೆಕ್ಕದ ದರ. ಕನ್ನಡದ ಎಷ್ಟೋ ಪ್ರಕಾಶಕರು ಇದನ್ನೇ ನಂಬಿದ್ದಾರೆ, ಅದೇ ಪ್ರಕಾಶಕರು ಆಯ್ಕೆಯೂ ಹಣವೂ ವರ್ಷಗಟ್ಟಲೆ ತಡವಾಗುವ ಬಗ್ಗೆ ದೂರುತ್ತಲೂ ಇದ್ದಾರೆ. ಅರ್ಜಿ ಹಾಕಿ, ಮರೆತುಬಿಡಿ. ಬಂದರೆ ಎರಡನೆಯ ಮುದ್ರಣದ ಹಣ ಅದು. ಮೊದಲ ಮುದ್ರಣದ ಸಾಲವನ್ನು ಮಾತ್ರ ಅದರ ಭರವಸೆಯ ಮೇಲೆ ಮಾಡಬೇಡಿ. ಇನ್ನೂ ವಯಸ್ಸು ಕಡಿಮೆ ಇರುವವರು, ಮೊದಲ ಪುಸ್ತಕದವರು ಅಚ್ಚಿಗೆ ಮುಂಚೆಯೇ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಸಹಾಯಧನಕ್ಕೆ ಹಸ್ತಪ್ರತಿ ಕಳಿಸಲಿ. ಅಚ್ಚಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಇ-ಪುಸ್ತಕದಲ್ಲಿ ಕನ್ನಡಿಗರು ತಡವಾಗಿ ಬಂದವರು. ಅಮೆಜಾನ್‌ನ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳನ್ನು ತಂದಾಗ ಕನ್ನಡ ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ಮೈಲ್ಯಾಂಗ್‌ನಂಥ ನಮ್ಮದೇ ವೇದಿಕೆ ತುಂಬಿತು. ಅಲ್ಲಿ ಇ-ಪುಸ್ತಕವೂ ಇದೆ, ಕೇಳುವ ಪುಸ್ತಕವೂ ಇದೆ. ವಿದೇಶದಲ್ಲಿರುವ ಮಕ್ಕಳಿಗೆ ಅಂಚೆ ಖರ್ಚಿಲ್ಲದೆ ಪುಸ್ತಕ ಮುಟ್ಟಿಸಲು ಇದೊಂದು ದಾರಿ. ಕಥೆ ಬರೆಯುವ-ಓದುವ ಆ್ಯಪ್ ಆದ ಪ್ರತಿಲಿಪಿಯ ಸ್ವಭಾವ ಬೇರೆ, ಧಾರಾವಾಹಿಯಂತೆ ಕಂತು ಕಂತಾಗಿ ಬರೆಯುವವರಿಗೆ ಅಲ್ಲಿ ಓದುಗರು ಬೇಗ ಸಿಗುತ್ತಾರೆ, ಆದರೆ ಅವರು ಅಚ್ಚಿನ ಪುಸ್ತಕ ಕೊಳ್ಳುವವರೇ ಆಗಿರಬೇಕೆಂದಿಲ್ಲ. ಪ್ರಬಂಧ ಬರೆಯುವ ನನಗೆ ಅದು ಒಗ್ಗಲಿಲ್ಲ.

ಹಾಗಾದರೆ ನೀವು?

ನಿಮ್ಮದು ಮಕ್ಕಳ ಪುಸ್ತಕವಾದರೆ ಅರಿವು ಕೇಂದ್ರ, ಶಾಲೆ, ಉಪನಯನ. ಯಕ್ಷಗಾನದ ಬಗ್ಗೆ ಬರೆದಿದ್ದರೆ ತಾಳಮದ್ದಲೆ ಮತ್ತು ಮೇಳದ ಆಟ ನಡೆಯುವ ಬಯಲು. ಊರಿನ ನೆನಪು, ಪ್ರಬಂಧ, ಕಾದಂಬರಿಯಾದರೆ ಅಂಚೆ, ಬ್ರಾಡ್‌ಕಾಸ್ಟ್ ಪಟ್ಟಿ, ಬೆಂಗಳೂರಿನ ವಿಳಾಸಗಳು. ಕವನ ಸಂಕಲನವಾದರೆ 500 ಬೇಡ, 200 ಅಚ್ಚು ಹಾಕಿಸಿ, ಜಗುಲಿ ಓದಿಗೆ ಹೊರಡಿ, ಕವಿಗಳು ಮುನಿಸಿಕೊಳ್ಳಬಾರದು. ಕಾರವಾರದವರಿಗೆ ನನ್ನ ಲೆಕ್ಕ ಪೂರ್ತಿ ಹೊಂದಲಿಕ್ಕಿಲ್ಲ. ಅಲ್ಲಿ ಮನೆಮಾತು ಕೊಂಕಣಿ; ಕೈಗಾ ಅಣುಸ್ಥಾವರ, ನೌಕಾನೆಲೆಗೆ ಬಂದ ಹೊರಗಿನವರು ಬಹಳ. ಜಗುಲಿ ಓದಿಗಿಂತ ಶಾಲೆ-ಕಾಲೇಜಿನ ಅಧ್ಯಾಪಕರ ಬಳಗ ಹಿಡಿಯುವುದು ಸುಲಭ ಎಂದು ಅಲ್ಲಿಯ ಗೆಳತಿ ಹೇಳುತ್ತಾಳೆ.

ಯಾವ ದಾರಿ ಹಿಡಿದರೂ ತಿಂಗಳು ನೋಡಿ. ಅಚ್ಚಿನಿಂದ ದಸರೆಯ ಹೊತ್ತಿಗೆ ಬಂದರೆ ದೀಪಾವಳಿಗೆ ಮಕ್ಕಳು ಊರಿಗೆ ಬಂದಿರುತ್ತಾರೆ, ಕೊನೆಕೊಯ್ಲು ಮುಗಿದು ಅಡಿಕೆ ಒಣಗಿ ಮಾರುವ ದಿನಗಳಲ್ಲಿ ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ, ಮುಂದೆ ಏಪ್ರಿಲ್ ತನಕ ಮದುವೆ, ಆಟ, ಉತ್ಸವ ಸಾಲಾಗಿ ಬರುತ್ತವೆ. ಆರೇಳು ತಿಂಗಳು ಒಣ ಹವೆ ಸಿಗುತ್ತದೆ.

ಎರಡನೆಯ ಪುಸ್ತಕ ನಮ್ಮಲ್ಲಿಗೆ ಬಂದದ್ದು ನವರಾತ್ರಿಯ ವಾರದಲ್ಲಿ. ಈಗ ಅಟ್ಟದ ಮೇಲೆ ಒಂದು ಪೆಟ್ಟಿಗೆ, ಅದರಲ್ಲಿ ಮೂವತ್ತೆಂಟು ಪ್ರತಿ ಇವೆ. ಅತ್ತೆ ಅದನ್ನು ಗೋಡೆಯಿಂದ ಒಂದು ಮೊಳ ಈಚೆ ಎಳೆಸಿ, ಕೆಳಗೆ ಎರಡು ಅಡಿಕೆ ದಬ್ಬೆ ಇಡಿಸಿದ್ದಾರೆ. ಮೇ ಇಪ್ಪತ್ತರ ಒಳಗೆ ಅಷ್ಟನ್ನೂ ಕಳಿಸಿ ಮುಗಿಸಬೇಕಂತೆ. ಹಪ್ಪಳದ ಡಬ್ಬಿಗೆ ಆ ಜಾಗ ಬೇಕಾಗಿದೆ.